ಚಾಂದವಡದಾಕಿ ಮತ್ತು ಮಾಲೇಗಾಂವದಾಕಿ

ಗೆಳೆತನ ಗಟ್ಟಿಯಾಗಿ ಉಳಿಯಬೇಕೆಂದರೆ ಸಂಜೆಯಾದ ಮೇಲೆ ಇಬ್ಬರೂ ಅವರವರ ಮನೆಗೆ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಇದನ್ನು ಹೇಳಿದರೆ ಜನ ನನ್ನನ್ನು ಕಲ್ಲು ಮನಸ್ಸಿನವಳು ಎನ್ನುತ್ತಾರೆ. ಅನ್ನಲಿ ಬಿಡಿ. ಅವರು ಯಾರೂ ಜೀವದ ಗೆಳತಿಯ ಜೊತೆ ಒಂದೇ ಕೋಣೆಯಲ್ಲಿದ್ದು ಕಾಲೇಜು ಮುಗಿಸಿದವರಲ್ಲ. ಗುರುತು ಪರಿಚಯ ಇಲ್ಲದವರ ಜೊತೆ ಇದ್ದರೆ ಎಷ್ಟೋ ಅನುಕೂಲ. ನಿಮ್ಮ ಬಕೀಟು ಮುಟ್ಟಿದರೆ "ಯಾಕೆ ಮುಟ್ಟಿದಿ?" ಎಂದು ಮುಖಕ್ಕೆ ಮುಖ ಕೊಟ್ಟು ಕೇಳಬಹುದು. ಗಂಡ ಹೆಂಡತಿಯಾದರೂ ಚಿಂತೆಯಿಲ್ಲ, ಜಗಳ ಬಿಡಿಸಲು ಎರಡೂ ಕಡೆಯ ಹಿರಿಯರು ಚಪ್ಪಲಿ ಮೆಟ್ಟಿಕೊಂಡು ತಯಾರಾಗಿ ನಿಂತಿರುತ್ತಾರೆ. ಜೀವದ ಗೆಳತಿಯ ವಿಷಯದಲ್ಲಿ ಈ ಯಾವ ಸೌಕರ್ಯವೂ ಇಲ್ಲ. ಅವಳು ನಿಮ್ಮ ಟವೆಲಿನಿಂದ ಕಾಲು ಒರೆಸಿಕೊಂಡರೂ ನೀವು ನಗಬೇಕು. ಯಾಕೆಂದರೆ ಅವಳು ಒಂದನೇ ಇಯತ್ತೆಯಿಂದ ನಿಮ್ಮ ಡಬ್ಬಿಯಲ್ಲಿ ಉಂಡವಳು.

ಅಂಬಿಕಾ ಮತ್ತು ನಾನು ನಾಶಿಕದ ಒಂದೇ ಓಣಿಯಲ್ಲಿ ಬೆಳೆದವರು. ಎರಡೂ ಮನೆಗಳು ಬೀದರ ಜಿಲ್ಲೆಯಿಂದ ಬಂದು ಅಲ್ಲಿ ನೆಲೆ ನಿಂತವು. ನಮ್ಮಪ್ಪ ಮಾಲೇಗಾಂವದಿಂದ ಬಟ್ಟೆ ತರಿಸಿ ಅಂಗಡಿಗಳಿಗೆ ಹಾಕುತ್ತಾರೆ. ಅವರಪ್ಪನದು ಕಾರ್ಖಾನೆಯಲ್ಲಿ ನೌಕರಿ. ಶಾಲೆ ಮರಾಠಿ, ಓಣಿಯ ಆಟವೆಲ್ಲ ಅರ್ಧ ಹಿಂದಿ ಅರ್ಧ ಮರಾಠಿ, ಕನ್ನಡವೆಂದರೆ ನಮ್ಮ ಪಾಲಿಗೆ ಅಡುಗೆಮನೆ. ಓದಿ ಬರೆಯುವ ಕನ್ನಡವನ್ನು ನಾನು ರಜೆಯಲ್ಲಿ ಹುಮನಾಬಾದದ ಅಜ್ಜನ ಹತ್ತಿರ ಕಿವಿ ಹಿಂಡಿಸಿಕೊಂಡು ಕಲಿತೆ. ಅಂಬಿಕಾ ಅಷ್ಟೂ ಕಲಿಯಲಿಲ್ಲ. ನಮ್ಮಿಬ್ಬರಿಗೂ ಸಂಭಾಜಿನಗರದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಾಗ, ಯಾರು ಎಲ್ಲಿ ಇರಬೇಕೆಂದು ನಮ್ಮನ್ನು ಯಾರೂ ಕೇಳಲೇ ಇಲ್ಲ. ಪರಸ್ಥಳದಲ್ಲಿರುವ ನಮ್ಮ ಜನರಲ್ಲಿ ಇದಕ್ಕೊಂದು ಕಾನೂನೇ ಇದೆ. ನಮ್ಮವರು ನಮ್ಮವರ ಜೋಡಿ ಇರಬೇಕು. ನಮ್ಮವ್ವ ಅಂದಳು, "ಅಂಬಿಕಾ ಇದ್ದಾಳಲ್ಲ, ಇನ್ನ ನನಗೇನು ಚಿಂತಿ?" ಆಚೆ ಮನೆಯಲ್ಲಿ ಅವರವ್ವ ಅಂದರು, "ಸವಿತಾ ಇದ್ದಾಳಲ್ಲ, ಇನ್ನ ನನಗೇನು ಚಿಂತಿ?" ಹೀಗೆ ಇಬ್ಬರು ತಾಯಂದಿರ ಚಿಂತೆಯನ್ನೂ ಕೂಡಿಸಿ ನಮ್ಮ ಟ್ರಂಕಿನಲ್ಲಿ ತುಂಬಿ ಎಸ್.ಟಿ. ಬಸ್ಸು ಹತ್ತಿಸಿದರು.

ಕೋಣೆ ಒಂದು ಮನೆಯ ಮಾಳಿಗೆಯ ಮೇಲಿತ್ತು, ಕೆಳಗೆ ಮಾಲೀಕರಾದ ಮರಾಠಿ ದಂಪತಿ. ಮೊದಲ ದಿನ ಇಬ್ಬರೂ ಸೇರಿ ಗೋಡೆಗೆ ಬಣ್ಣದ ಕಾಗದ ಹಚ್ಚಿ, ಫೋಟೋ ತೆಗೆದು, ಕಾಲೇಜಿನ ಮುಂದೆ ಪೋಹೆ ತಿಂದು, "ಇನ್ನು ಮಜಾನೇ ಮಜಾ" ಎಂದು ಕುಣಿದದ್ದು ನೆನಪಿದೆ. ಆ ಮಜಾ ಮಾರನೆಯ ಬೆಳಗ್ಗೆ ಅಂಬಿಕಾ ಪುಸ್ತಕ ತೆರೆಯುವ ತನಕ ಇತ್ತು. ಅಷ್ಟು ವರ್ಷ ಜೊತೆಗಿದ್ದರೂ ಅವಳು ಹೇಗೆ ಓದುತ್ತಾಳೆ ಎಂಬುದನ್ನು ನಾನು ನೋಡಿರಲಿಲ್ಲ. ಅವಳು ಓದುವುದು ನಡೆಯುತ್ತ, ಅದೂ ಗಟ್ಟಿಯಾಗಿ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ, ಸಭೆಯಲ್ಲಿ ಭಾಷಣ ಮಾಡುವವರ ಹಾಗೆ ಕೈಯೆತ್ತಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾಳೆ. ನನ್ನ ವಿಷಯವೇ ಬೇರೆ, ಅವಳ ವಿಷಯವೇ ಬೇರೆ. ಪರೀಕ್ಷೆಯಲ್ಲಿ ನಾನು ಲೆಕ್ಕಶಾಸ್ತ್ರದ ಉತ್ತರ ಬರೆಯುತ್ತ ಕುಳಿತರೆ ಪೆನ್ನಿನ ತುದಿಗೆ ಕಪ್ಪೆಯ ಜೀರ್ಣಾಂಗಗಳು ಬರುತ್ತಿದ್ದವು.

ಇದೊಂದೇ ಆಗಿದ್ದರೆ ಸಹಿಸಬಹುದಿತ್ತು. ಅಂಬಿಕಾ ಚಹಾ ಕುಡಿದರೆ ಕಪ್ಪಿನ ತಳದಲ್ಲಿ ಒಂದು ಗುಟುಕು ಬಿಡಲೇಬೇಕು. ಆ ಕಪ್ಪು ಅವಳು ಕುಡಿದಲ್ಲೇ ಇರುತ್ತದೆ. ಕಿಟಕಿಯಲ್ಲಿ, ಕಾಟಿನ ಕೆಳಗೆ, ಒಮ್ಮೆ ನನ್ನ ಬೂಟಿನೊಳಗೂ ಇತ್ತು. ಒದ್ದೆ ಟವೆಲನ್ನು ಗಾದಿಯ ಮೇಲೆ ಒಗೆಯುತ್ತಾಳೆ. ಫ್ಯಾನು ಮಾತ್ರ ಥಂಡಿಯಲ್ಲೂ ಗರಗರ ತಿರುಗುತ್ತಿರಬೇಕು, ಇಲ್ಲದಿದ್ದರೆ ಉಸಿರುಗಟ್ಟುತ್ತದಂತೆ. ನನಗೋ ಫ್ಯಾನಿನ ಗಾಳಿ ತಗುಲಿದರೆ ಮೂಗು ಕಟ್ಟುತ್ತದೆ. ಇಷ್ಟಾದರೂ ಊರೆಲ್ಲ ಹೊಗಳುವುದು ಅಂಬಿಕಾಳನ್ನೇ. "ಎಷ್ಟು ನಗುಮುಖದ ಹುಡುಗಿ!" ನಗದೆ ಏನು ಮಾಡುತ್ತಾಳೆ, ಕಪ್ಪು ತೊಳೆಯುವವಳು ನಾನು!

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಹೇಗೆ ಸ್ವಾಮಿ? ಮೊದಲನೆಯದಾಗಿ ನಮ್ಮಿಬ್ಬರ ನಡುವಿನ ಭಾಷೆಯಲ್ಲಿ ಜಗಳಕ್ಕೆ ಅವಕಾಶವೇ ಇರಲಿಲ್ಲ. ಇಬ್ಬರೇ ಇದ್ದಾಗ ನಾವು ಆಡುವುದು ಕನ್ನಡ, ಅದೂ ತಾಯಂದಿರ ಕನ್ನಡ. ಉಂಡಿಯೇನು, ಜ್ವರ ಬಂತೇನು, ತಲಿ ಹಿಕ್ಕಿಕೊ, ಇಷ್ಟೇ. ಬೈಯಬೇಕೆಂದು ಬಾಯಿ ತೆರೆದರೆ "ಏ ಹುಚ್ಚಿ" ಎಂದು ಮುದ್ದು ಮಾಡಿದ ಹಾಗೆ ಕೇಳುತ್ತಿತ್ತು. ಎರಡನೆಯದು ಇದಕ್ಕಿಂತ ಗಂಭೀರ. ನಾನಿಲ್ಲಿ ಅಂಬಿಕಾಳಿಗೆ ಒಂದು ಮಾತು ಅಂದರೆ ಅದು ಫೋನಿನಲ್ಲಿ ಅವರವ್ವನಿಗೆ ಹೋಗಿ, ಅಲ್ಲಿಂದ ಗೋಡೆ ದಾಟಿ ನಮ್ಮವ್ವನಿಗೆ ಬಂದು, ಎರಡು ಮನೆಗಳ ನಡುವೆ ಓಡಾಡುವ ಶೇಂಗಾ ಹಿಂಡಿ ಚಟ್ನಿಪುಡಿಯ ಡಬ್ಬಿ ನಿಂತುಹೋಗುತ್ತಿತ್ತು. ಇಡೀ ಓಣಿಯಲ್ಲಿ ನಮ್ಮವ್ವ ಮನಸ್ಸು ಬಿಚ್ಚಿ ಕನ್ನಡದಲ್ಲಿ ಮಾತಾಡುವುದು ಆ ಒಬ್ಬರ ಜೊತೆ. ಒಮ್ಮೆ ಫೋನಿನಲ್ಲಿ ಅವ್ವನ ಮುಂದೆ ಮೆಲ್ಲಗೆ ಬಾಯಿ ಬಿಟ್ಟು ನೋಡಿದೆ. ಅವ್ವ ಅಂದಳು, "ಹೊಂದಿಕೊಂಡು ಹೋಗಬೇಕವ್ವಾ. ನಾ ನಿಮ್ಮಪ್ಪನ ಜೋಡಿ ಹೊಂದಿಕೊಂಡಿಲ್ಲೇನು?" ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಯಾರು ಯಾರ ಜೋಡಿ ಹೊಂದಿಕೊಂಡಾರ? ಸ್ವಲ್ಪ ಸರಿಯಾಗಿ ಹೇಳು ಮಗಳಿಗೆ!" ಆಮೇಲೆ ಅವರಿಬ್ಬರ ಜಗಳ ಶುರುವಾಗಿ ನನ್ನ ಫೋನು ಕಟ್ಟಾಯಿತು.

ಹೀಗಾಗಿ ನಾನು ಮಾತಾಡದೆ ನನ್ನದೇ ರೀತಿಯಲ್ಲಿ ಹೊಂದಿಕೊಂಡೆ. ನನ್ನಂಥ ಸಂಭಾವಿತಳು ಸಿಕ್ಕದ್ದು ಅಂಬಿಕಾಳ ಪುಣ್ಯ ಎಂದೇ ನಾನು ತಿಳಿದಿದ್ದೆ.

ಆದರೆ ಮೆಹಂದಿಯ ದಿನ ನನ್ನ ಸಂಭಾವಿತತನ ಮುಗಿಯಿತು. ನಾವಿದ್ದ ಬಡಾವಣೆಯಲ್ಲಿ ನಳಕ್ಕೆ ದಿನಾ ನೀರು ಬರುತ್ತಿರಲಿಲ್ಲ. ಗೋದಾವರಿ ದಂಡೆಯ ನಾಶಿಕದವರಾದ ನಮಗೆ ಅದನ್ನು ರೂಢಿ ಮಾಡಿಕೊಳ್ಳುವುದೇ ಒಂದು ವಿದ್ಯೆಯಾಗಿತ್ತು. ನೀರು ಬರುವ ದಿನ ಯಾರಾದರೊಬ್ಬರು ಕೋಣೆಯಲ್ಲಿ ಉಳಿದು ಡ್ರಮ್ಮು ತುಂಬಬೇಕು. ಆ ಸಲದ ಪಾಳಿ ಅಂಬಿಕಾಳದು. ನಾನು ಕಾಲೇಜಿನಿಂದ ಬಂದು, ಡ್ರಮ್ಮಿನ ಮುಚ್ಚಳ ಹಾಕಿದ್ದನ್ನು ನೋಡಿ ನಂಬಿ, ಕಲಸಿಟ್ಟ ಮೆಹಂದಿಯನ್ನು ತಲೆಗೆ ಬಡಿದುಕೊಂಡು ಕುಳಿತೆ. ಮೆಹಂದಿ ಒಣಗಿ ತಲೆ ಕುಂಬಾರನ ಮಡಕೆಯಾದ ಮೇಲೆ ಮುಚ್ಚಳ ತೆಗೆದರೆ, ಒಳಗೆ ಒಣ ತಳ. ಅಂಬಿಕಾ ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ ಕಪ್ಪೆಯ ರಕ್ತನಾಳಗಳಲ್ಲಿ ಮುಳುಗಿದ್ದಳಂತೆ, ನಳದ ಸದ್ದೇ ಕೇಳಿಸಲಿಲ್ಲವಂತೆ. "ಸವೀ, ಮರ್ತೇ ಹೋತು ನೋಡು" ಎಂದು ನಕ್ಕಳು. ನಾನು ತಲೆಗೆ ಪ್ಲಾಸ್ಟಿಕ್ಕಿನ ಚೀಲ ಕಟ್ಟಿಕೊಂಡು ಕೆಳಗಿಳಿದು ಮಾಲಕಿಣಬಾಯಿಯ ಎದುರು ನಿಂತೆ. ಅವರು "ಅಗಬಾಈ!" ಎಂದು ಎದೆಗೆ ಕೈ ಹಚ್ಚಿಕೊಂಡು, ಒಂದು ಬಕೀಟು ನೀರನ್ನೂ ಅದರ ಜೊತೆಗೆ ಎರಡು ಬಕೀಟು ಉಪದೇಶವನ್ನೂ ಕೊಟ್ಟರು. ಕೆಂಪು ನೀರು ಮೋರಿಗೆ ಹರಿಯುವುದನ್ನು ನೋಡುತ್ತ ನಾನು ನಿಶ್ಚಯಿಸಿದೆ. ಇನ್ನು ಒಂದು ತಿಂಗಳು ಇವಳ ಜೊತೆ ಇದ್ದರೆ ಈ ಗೆಳೆತನ ಉಳಿಯುವುದಿಲ್ಲ. ಗೆಳತಿ ಬೇಕಿದ್ದರೆ ಕೋಣೆ ಬಿಡಬೇಕು. ಅದೂ ಅವಳಿಗೆ ನೋವಾಗದಂತೆ, ಏನಾದರೊಂದು ನೆವ ಹೇಳಿ.

ಕೋಣೆ ಹುಡುಕುವುದೇನು ಕಷ್ಟವಾಗಿರಲಿಲ್ಲ. ಕಾಲೇಜಿನ ಸುತ್ತ ಗೋಡೆ ಗೋಡೆಗೂ ಚೀಟಿ ಅಂಟಿಸಿದ್ದರು. ಒಳ್ಳೊಳ್ಳೆಯ ಕೋಣೆಗಳನ್ನು ನೋಡಿದೆ. ಒಂದರಲ್ಲಿ ಗಾಳಿ ಬೆಳಕು ಧಾರಾಳ, ಇನ್ನೊಂದರಲ್ಲಿ ನೀರಿಗೆ ಬೋರವೆಲ್ಲೇ ಇತ್ತು. ಎಲ್ಲ ನೋಡಿ ಎಲ್ಲವನ್ನೂ ಬೇಡವೆಂದೆ. ಯಾಕೆಂದರೆ, ನಗಬೇಡಿ, ಅಲ್ಲಿ ಇರುವವರು ನಮ್ಮವರಾಗಿರಲಿಲ್ಲ. ನಮ್ಮವರೊಬ್ಬಳ ಕಾಟ ತಾಳಲಾರದೆ ಓಡಿಹೋಗುತ್ತಿದ್ದವಳು, ಓಡಿ ಸೇರಬೇಕಾದ ಜಾಗದಲ್ಲೂ ಜೋಳದ ರೊಟ್ಟಿಯ ವಾಸನೆ ಹುಡುಕುತ್ತಿದ್ದೆ. ಕೊನೆಗೆ ನಾವಿಬ್ಬರೂ ಶೇಂಗಾ, ಕೆಂಪು ಖಾರ ಕೊಳ್ಳುತ್ತಿದ್ದ ಕನ್ನಡದವರ ಕಿರಾಣಿ ಅಂಗಡಿಯಲ್ಲಿ ಗುಟ್ಟಾಗಿ ವಿಚಾರಿಸಿದೆ. ಅವರು ಭಾಲ್ಕಿಯಿಂದ ಬಂದು ಇಲ್ಲೇ ನೆಲೆಸಿದ್ದ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಮಹಾದೇವಿ ಕಾಕು ಎಂಬವರ ಮನೆ ತೋರಿಸಿದರು. ಮೇಲೆ ಒಂದು ಕೋಣೆ, ಎರಡು ಕಾಟು, ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ. ರವಿವಾರ ಅಂಬಿಕಾಳಿಗೆ "ಲೈಬ್ರರಿಗೆ ಹೋಗಿ ಬರ್ತೀನಿ" ಎಂದೆ. ರವಿವಾರ ಲೈಬ್ರರಿ ತೆರೆಯುವುದಿಲ್ಲವಲ್ಲ ಎಂದು ಅವಳು ಕೇಳಲಿಲ್ಲ. "ನಾನೂ ದರ್ಜಿ ಹತ್ರ ಹೋಗಬೇಕು" ಎಂದಳು. ಬಚಾವಾದೆ ಎಂದುಕೊಂಡೆ.

ಮಹಾದೇವಿ ಕಾಕು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಯಾವ ಊರು, ಯಾರ ಪೈಕಿ, ಅಜ್ಜನ ಹೆಸರೇನು, ಹುಮನಾಬಾದದಲ್ಲಿ ಮನೆ ಯಾವ ಓಣಿಗೆ ಬರುತ್ತದೆ, ಎಲ್ಲ ಕೇಳಿ ಮುಗಿಯುವುದರೊಳಗೆ ನನ್ನ ಮುಂದೆ ತಾಟು ಬಂದಿತ್ತು. "ಉಣ್ಣವ್ವಾ, ಉಣ್ಣಕೋತ ಮಾತಾಡು. ಈಗಿದ್ದ ರೂಮ್ ಯಾಕ ಬಿಡ್ಲಿಕತ್ತಿ?" ಅಷ್ಟು ದಿನ ಒಳಗೆ ಹಿಡಿದಿಟ್ಟದ್ದು ಆ ಬಿಸಿ ರೊಟ್ಟಿಗೆ ಕರಗಿತು. ಎಲ್ಲ ಹೇಳಿದೆ. ಓದು, ಕಪ್ಪು, ಟವೆಲು, ಫ್ಯಾನು, ಮೆಹಂದಿ. ನಡುವೆ ಕಾಕು, "ಅಕಿ ನಮ್ಮೋರ ಪೈಕಿನೇನು?" ಎಂದು ಕೇಳಿದಾಗ ಮಾತ್ರ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದೆ. ಹೌದೆಂದರೆ ನಾಳೆ ಬೆಳಗಾಗುವುದರಲ್ಲಿ ಭಾಲ್ಕಿಯ ಮೂಲಕ ಸುದ್ದಿ ನಾಶಿಕಕ್ಕೆ ತಲುಪುತ್ತದೆ. ಮಾಲೇಗಾಂವದಿಂದ ಬರುವ ನಮ್ಮಪ್ಪನ ಬಟ್ಟೆಯ ಗಂಟುಗಳು ಕಣ್ಣ ಮುಂದೆ ಬಂದವು. "ಅಲ್ಲರಿ ಕಾಕು," ಎಂದೆ, "ಮಾಲೇಗಾಂವದಾಕಿ."

"ಏನ್ ಕಾಲ ಬಂತವ್ವಾ!" ಎಂದರು ಕಾಕು. "ನಿನ್ನಂಗ ಇನ್ನೊಬ್ಬಾಕಿ ಬಂದಿದ್ಳು ನಿನ್ನಿ. ನಮ್ಮೋರ ಹುಡುಗಿನೇ, ಭಾಳ ಗುಣದಾಕಿ. ಹೆಸರ ಏನೋ ಹೇಳಿದ್ಳು, ಮರ್ತೆ. ಒಂದು ಕಾಟು ಅಕಿಗೇ ಕೊಡ್ತೀನಂತ ಹೇಳೀನಿ. ಅಕಿದೂ ಇದೇ ಗೋಳು. ಅಕಿಗೆ ಯಾರೋ ಚಾಂದವಡದಾಕಿ ಜೋಡಿ ಸಿಕ್ಕಾಳ. ಅಯ್ಯಯ್ಯ, ನಿಂದೇ ಎಷ್ಟೋ ಛಲೋ ಅನ್ನು."

"ಏನ್ ಮಾಡ್ತಾಳಂತ್ರಿ?" ಎಂದು ಕೇಳಿದೆ, ಇನ್ನೊಂದು ರೊಟ್ಟಿಗೆ ಕೈ ಚಾಚುತ್ತ.

"ಮಾತೇ ಆಡಂಗಿಲ್ಲಂತ! ಸಿಟ್ಟು ಬಂದ್ರ ಉಸಿರು ಬಿಡ್ತಾಳಂತ. ಹಾ… ಅಂತ ಇಷ್ಟುದ್ದ. ನಮ್ಮ ಹುಡುಗಿ ಕಪ್ಪು ಅಲ್ಲೇ ಬಿಟ್ರ ಉಸಿರು, ಟವೆಲ್ ಇಟ್ರ ಉಸಿರು. ಇಕಿ ಎದ್ದು ಹೋಗಿ ತೊಳೀಬೇಕನ್ನೂದ್ರಾಗ ತಾನೇ ಕಸಕೊಂಡು ತೊಳದು, ಓಣಿಗೆಲ್ಲ ಕೇಳೂ ಹಂಗ ಧಡಲ್ ಅಂತ ಇಡ್ತಾಳಂತ. ಇಕಿಗೆ ನಿದ್ದಿ ಹತ್ತಿದ ಕೂಡ್ಲೆ ಕಳ್ಳಿಯಂಗ ಎದ್ದು ಫ್ಯಾನ್ ಬಂದ್ ಮಾಡ್ತಾಳಂತ. ಪಾಪ, ಹುಡುಗಿ ಬೆವರಿನಾಗ ತೊಯ್ದು ಏಳ್ತದ."

ನನಗೆ ಆ ಕಾಣದ ಹುಡುಗಿಯ ಬಗ್ಗೆ ಅಂತಃಕರಣ ಉಕ್ಕಿ ಬಂತು. "ಛೀ, ಇದ್ದದ್ದು ಬಾಯಿಬಿಟ್ಟು ಹೇಳಬಾರದೇನ್ರಿ?" ಎಂದೆ. "ಅಂಥಾಕಿ ಜೋಡಿ ಇಷ್ಟು ದಿನ ಹ್ಯಾಂಗ ಇದ್ದಾಳೋ!" ಫ್ಯಾನಿನ ಮಾತು ಬಂದಾಗ ಒಂದು ಕ್ಷಣ ಏನೋ ಚುಚ್ಚಿದಂತಾಯಿತು. ಆದರೆ ಲೋಕದಲ್ಲಿ ಫ್ಯಾನು ಆರಿಸುವವಳು ನಾನೊಬ್ಬಳೇ ಅಲ್ಲವಲ್ಲ. ನನ್ನದು ಮೂಗಿನ ಆರೋಗ್ಯದ ಪ್ರಶ್ನೆ, ಚಾಂದವಡದಾಕಿಯದು ಶುದ್ಧ ಕುಚೇಷ್ಟೆ. ಹೀಗೆಲ್ಲ ಸಮಾಧಾನ ಮಾಡಿಕೊಂಡು, "ಆ ಹುಡುಗಿ ಜೋಡಿ ನನಗ ಭಾಳ ಛಲೋ ಹೊಂದ್ತದರಿ ಕಾಕು. ಇಬ್ಬರದೂ ಒಂದೇ ದುಃಖ" ಎಂದೆ. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು. "ಬಾರವ್ವಾ, ನಿನ್ನ ಮಾತೇ ನಡದದ" ಎಂದರು ಕಾಕು. ಒಳಗೆ ಬಂದವಳು ಅಂಬಿಕಾ.

ನಾನು ರೊಟ್ಟಿಯನ್ನು ಬಾಯಿಗೂ ತಾಟಿಗೂ ನಡುವೆ ಹಿಡಿದುಕೊಂಡು ಕುಳಿತೆ. ಅಂಬಿಕಾ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ ಇಟ್ಟು ನಿಂತಳು. ಲೈಬ್ರರಿಯಲ್ಲಿರಬೇಕಾದವಳು ರೊಟ್ಟಿ ತಿನ್ನುತ್ತಿದ್ದೆ, ದರ್ಜಿಯ ಹತ್ತಿರ ಇರಬೇಕಾದವಳು ಬಾಗಿಲಲ್ಲಿ ನಿಂತಿದ್ದಳು. ಕಾಕುಗೆ ಮಾತ್ರ ಎಲ್ಲಿಲ್ಲದ ಸಂಭ್ರಮ. "ನೋಡು, ಇಕಿನೂ ನಾಶಿಕದಾಕಿ. ಗುರ್ತು ಅದ ಏನು?" ಎಂದರು.

"ಒಂದೇ ಓಣಿಯವ್ರು ರಿ" ಎಂದಳು ಅಂಬಿಕಾ, ದನಿ ಸಣ್ಣಗೆ ಮಾಡಿ.

"ಅಯ್ಯ ನನ್ನವ್ವ!" ಕಾಕು ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡರು. "ಒಂದೇ ಓಣಿಯಾಕಿನ್ನ ಬಿಟ್ಟು ಇಬ್ಬರೂ ಯಾವ್ಯಾವಾಕಿ ಜೋಡಿನೋ ಹೋಗಿ ಯಾಕ ಬಿದ್ರಿ? ಮೊದಲೇ ನೀವಿಬ್ಬರೂ ಜೋಡಿ ಇದ್ದಿದ್ರ ಇಷ್ಟು ತ್ರಾಸೇ ಇರ್ತಿದ್ದಿಲ್ಲ!"

ಕಾಕು ಅಂಬಿಕಾಳ ಮುಂದೂ ಒಂದು ತಾಟು ಇಟ್ಟು, ಅವಳಿಗೆ ಸಮಾಧಾನವಾಗಲೆಂದು ನನ್ನ ಕಥೆಯನ್ನು ಪೂರ್ತಿ ಒಪ್ಪಿಸಿದರು. "ಇಕಿ ಜೋಡಿ ಇರೋ ಮಾಲೇಗಾಂವದಾಕಿದು ಕೇಳು. ಓಣಿ ತುಂಬ ಕೇಳೂ ಹಂಗ ಓದ್ತಾಳಂತ. ಬೂಟಿನಾಗ ಚಹಾ ಇಡ್ತಾಳಂತ! ಈ ಹುಡುಗಿ ತಲಿ ತುಂಬ ಮೆಹಂದಿ ಹಚ್ಚಿಕೊಂಡು ಮಂದಿ ಮನ್ಯಾಗ ನೀರು ಬೇಡ್ಯದ!" ಅಂಬಿಕಾಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಈಗ ಇವಳು ತಾಟು ತಳ್ಳಿ ಎದ್ದು ಹೋದರೆ ಆಯಿತು, ಒಂದನೇ ಇಯತ್ತೆಯಿಂದ ಇದ್ದದ್ದೆಲ್ಲ ಇಲ್ಲಿಗೆ ಮುಗಿಯಿತು. ನಿಜ ಹೇಳುತ್ತೇನೆ, ಅವತ್ತು ಹೆದರಿದಷ್ಟು ನಾನು ಯಾವ ಪರೀಕ್ಷೆಗೂ ಹೆದರಿಲ್ಲ.

ಅಂಬಿಕಾ ಏಳಲಿಲ್ಲ. ರೊಟ್ಟಿ ಮುರಿಯುತ್ತ, ತಲೆಯೆತ್ತದೆ, "ಆ ಮಾಲೇಗಾಂವದಾಕಿ ಬೇಕಂತ ಮಾಡಿರಲಿಕ್ಕಿಲ್ಲ ರಿ ಕಾಕು" ಎಂದಳು. "ಮನ್ಯಾಗ ಅಕಿ ಅವ್ವ ಓದಿಸಿಕೋತ ಅಡಗಿ ಮಾಡ್ತಿದ್ಳೇನೋ. ಗಟ್ಟಿಯಾಗಿ ಓದಿದ್ರ ಅವ್ವ ಒಳಗ ಕೇಳಿಸ್ಕೊಳಕತ್ತಾಳಂತ ಅನಸ್ತದೇನೋ. ಮನಿ ಬಿಟ್ಟು ಬಂದಾಕಿ, ಪಾಪ."

ಇದು ನನಗೆ ಗೊತ್ತೇ ಇರಲಿಲ್ಲ. ಗೋಡೆಯಾಚೆಯ ಮನೆಯವಳು ನಾನು. ಆ ಅಡುಗೆಮನೆಯಿಂದ ಬರುತ್ತಿದ್ದ ದನಿಯನ್ನು ಎಷ್ಟೋ ಸಂಜೆ ಕೇಳಿದ್ದೆ, ರೇಡಿಯೋ ಎಂದು ತಿಳಿದಿದ್ದೆ. ನಾನೂ ಸೋಲಬಾರದೆಂದು, "ಚಾಂದವಡದಾಕಿನೂ ಅಷ್ಟೇನ್ ಕೆಟ್ಟಾಕಿ ಇರಲಿಕ್ಕಿಲ್ಲರಿ" ಎಂದೆ. "ಬಾಯಿ ಬಿಟ್ಟು ಅಂದ್ರ ಇದ್ದ ಒಬ್ಬಾಕಿ ಗೆಳತಿ ಎಲ್ಲಿ ಹೋದಾಳೋ ಅಂತ ಹೆದರಿ ಉಸಿರು ಬಿಡ್ತಾಳೇನೋ. ಇನ್ನೇನ್ ಮಾಡ್ಬೇಕು ಅಕಿ?"

ಅಂಬಿಕಾಳ ಕಣ್ಣಿನಿಂದ ನೀರು ತಾಟಿಗೆ ಬಿತ್ತು. ನನ್ನದೂ ಬಿತ್ತು. ಕಾಕು ಗಾಬರಿಯಾಗಿ, "ಖಾರ ಹೆಚ್ಚಾತೇನವ್ವಾ?" ಎಂದು ಇಬ್ಬರ ತಾಟಿಗೂ ಮೊಸರು ಸುರಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಗದರಿದರು. "ನಿಮ್ಮ ಒಳ್ಳೇತನ ಅತಿಯಾತು. ಇಷ್ಟು ತ್ರಾಸ್ ಕೊಟ್ಟೋರ ಪರ ಮಾತಾಡ್ತೀರಲ್ಲ! ಸುಮ್ನ ನಾಳೆನೇ ಗಂಟು ಮೂಟಿ ತೊಗೊಂಡು ಬರ್ರಿ. ಅವರ ಮುಖಾನೂ ನೋಡಬ್ಯಾಡ್ರಿ."

ಹಾಗೆ ಪರಸ್ಪರರಿಂದ ಓಡಿಹೋಗಲು ಹೊರಟಿದ್ದ ನಾವು ಒಂದೇ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಕಾಕು ಮನೆಗೆ ಬಂದೆವು. ನಾಶಿಕದ ಮನೆಗಳಿಗೆ, ರೊಟ್ಟಿಯ ಆಸೆಗೆ ಕೋಣೆ ಬದಲಾಯಿಸಿದೆವು ಎಂದು ಹೇಳಿದೆವು, ಅದು ಪೂರ್ತಿ ಸುಳ್ಳೂ ಅಲ್ಲ. "ಮನಿ ಬದಲಿ ಮಾಡಿದ್ರೂ ಜೋಡಿ ಬಿಡಲಿಲ್ಲ ನೋಡ್ರಿ" ಎಂದು ತಾಯಂದಿರಿಬ್ಬರೂ ಓಣಿಯಲ್ಲಿ ಹೇಳಿಕೊಂಡು ತಿರುಗಿದರಂತೆ. ಅಂಬಿಕಾ ಬದಲಾದಳೇ ಎಂದರೆ, ಇಲ್ಲ. ನಾನಂತೂ ಬದಲಾಗಬೇಕಾದ ಅಗತ್ಯವೇ ಇರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಒಂದು ದಾರಿ ಸಿಕ್ಕಿತು. ಕಪ್ಪು ಕಿಟಕಿಯಲ್ಲಿ ಕಂಡರೆ ನಾನು, "ಅಂಬೂ, ನನ್ನ ಹಳೇ ಮಾಲೇಗಾಂವದಾಕಿ ಹಿಂಗೇ ಮಾಡ್ತಿದ್ಳು ನೋಡು" ಎನ್ನುತ್ತಿದ್ದೆ. "ಹೌದೇನು? ಎಂಥಾ ಹೊಲಸಾಕಿ!" ಎಂದು ಅವಳು ಎದ್ದು ಹೋಗಿ ತೊಳೆದಿಡುತ್ತಿದ್ದಳು. ನಾನು ಫ್ಯಾನಿನ ಬಟನ್ನಿಗೆ ಕೈ ಹಾಕಿದರೆ ಅವಳು ಕಣ್ಣು ಮುಚ್ಚಿಕೊಂಡೇ, "ಚಾಂದವಡದಾಕಿ ನೆನಪಾದ್ಳು" ಎನ್ನುತ್ತಿದ್ದಳು. ನಾನು ಕೈ ತೆಗೆದು ಮಫ್ಲರು ಸುತ್ತಿಕೊಳ್ಳುತ್ತಿದ್ದೆ. ಅದೇ ಜಗಳಗಳು, ಬೈಸಿಕೊಳ್ಳುವವರು ಮಾತ್ರ ಬೇರೆ ಊರಿನವರು. ಒಂದೇ ತೊಂದರೆಯೆಂದರೆ, ನಮ್ಮ ತಾಯಂದಿರು ನೋಡಲು ಬಂದಾಗ ಕಾಕು ಅವರೊಡನೆ ಒಂಟಿಯಾಗಿ ಮಾತಿಗೆ ಸಿಗದಂತೆ ನಾವಿಬ್ಬರೂ ಪಾಳಿ ಹಾಕಿಕೊಂಡು ಅಡುಗೆಮನೆ ಕಾಯಬೇಕಾಗುತ್ತಿತ್ತು.

ಕೊನೆಯ ವರ್ಷದ ಪರೀಕ್ಷೆ ಮುಗಿದು ಊರಿಗೆ ಹೊರಟ ದಿನ ಕಾಕು ದಾರಿಗೆಂದು ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯ ಗಂಟು ಕಟ್ಟುತ್ತ ಅತ್ತರು. "ಅಕ್ಕತಂಗ್ಯಾರೂ ಇಷ್ಟು ಹೊಂದಿಕೊಂಡು ಇರಂಗಿಲ್ಲ ನೋಡ್ರವ್ವಾ. ಆ ಇಬ್ಬರು ಕಾಡಿದೋರು ಅದಾರಲ್ಲ, ಚಾಂದವಡದಾಕಿ, ಮಾಲೇಗಾಂವದಾಕಿ, ಅವರಿಬ್ಬರನ್ನೂ ಒಂದೇ ರೂಮಿನಾಗ ಹಾಕಿ ಚಿಲಕ ಜಡೀಬೇಕಿತ್ತು. ಆವಾಗ ಬುದ್ಧಿ ಬರ್ತಿತ್ತು" ಎಂದರು.

ಅಂಬಿಕಾ ನಗು ತಡೆಯಲಾರದೆ ಸೆರಗಿಲ್ಲದ ಕಡೆ ಸೆರಗು ಹುಡುಕಿ, ಕೊನೆಗೆ ನನ್ನ ಓಢಣಿ ಎಳೆದು ಬಾಯಿಗೆ ಒತ್ತಿಕೊಂಡಳು. ನಾನು ಸುಮ್ಮನಿರಬಹುದಿತ್ತು. ಆದರೆ ಇಷ್ಟು ವರ್ಷ ಇಬ್ಬರನ್ನೂ ಕಣ್ಣಾರೆ ಕಂಡ ಕಾಕು ಏನೆನ್ನುತ್ತಾರೋ ಕೇಳಿಯೇ ಬಿಡೋಣವೆನಿಸಿತು. "ಅವರಿಬ್ಬರಾಗ ಭಾಳ ಕೆಟ್ಟಾಕಿ ಯಾರು ಅನಸ್ತದ್ರಿ ಕಾಕು?" ಎಂದೆ.

ಕಾಕು ಒಂದು ಗಳಿಗೆಯೂ ಯೋಚಿಸಲಿಲ್ಲ. "ನಿನ್ನ ಮಾಲೇಗಾಂವದಾಕಿ ಏನಿಲ್ಲವ್ವಾ, ಸ್ವಲ್ಪ ಮರವು, ಅಷ್ಟೇ. ಅಂಥಾಕಿನ್ನ ನಾ ಸೊಸಿ ಮಾಡ್ಕೊಂಡೇನು" ಎಂದು ನನ್ನ ಗಲ್ಲ ಸವರಿದರು. "ಆದ್ರ ಆ ಚಾಂದವಡದಾಕಿ ಬ್ಯಾಡವ್ವಾ. ನಿನ್ನಂಥಾ ಬಂಗಾರದಂಥಾ ಹುಡುಗಿಗೂ ಅಕಿ ಜೋಡಿ ಬಾಳ್ವೆ ಮಾಡ್ಲಿಕ್ಕಾಗ್ತಿದ್ದಿಲ್ಲ."

"ಖರೇ ಅದರಿ ಕಾಕು" ಎಂದೆ. ಅಂಬಿಕಾ ಆಗಲೇ ಮೆಟ್ಟಿಲ ಮೇಲೆ ಕುಳಿತು, ನನ್ನ ಓಢಣಿಯನ್ನು ಬಾಯಿತುಂಬ ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡಿದ್ದಳು.